ಬರೆದವರೇ ವಿಜ್ಞಾನಿ, ‘ಭೂಮಿ ಬಿಸಿ’ ಮಾತು ಒಪ್ಪೋದಿಲ್ಲ ಅಂತಾರೆ: ಅಂಥ ಪುಸ್ತಕ ಓದುವುದು ಹೇಗೆ?

ಶಿರಸಿ, ಕುಮಟಾ, ಕಾರವಾರದ ಓದುಗರು ನನ್ನನ್ನು ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುತ್ತಿದ್ದಾರೆ. “ಭೂಮಿ ಬಿಸಿಯಾಗ್ತಿದೆ ಅಂತ ಪೇಪರಲ್ಲಿ ಬರುತ್ತೆ. ಆದ್ರೆ ಈ ಪುಸ್ತಕ ಬರೆದವರೂ ವಿಜ್ಞಾನಿಯೇ ಅಲ್ವಾ? ಅವರು ಬೇರೇನೇ ಹೇಳ್ತಾರಲ್ಲ. ಯಾರನ್ನ ನಂಬೋದು?”

ಈ ಪ್ರಶ್ನೆ ಯಾಕೆ ಜಾಸ್ತಿಯಾಗಿದೆ ಅನ್ನೋದು ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ ಉಕ್ಕಿದವು. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಜಾರಿತು. 2024ರ ಜುಲೈನಲ್ಲಿ ಅಂಕೋಲೆಯ ಶಿರೂರು. ಪ್ರತಿ ಸಲವೂ ಒಬ್ಬರು “ಇದೆಲ್ಲ ಭೂಮಿ ಬಿಸಿಯಾದದ್ದಕ್ಕೆ” ಅನ್ನುತ್ತಾರೆ, ಇನ್ನೊಬ್ಬರು “ಅದೆಲ್ಲ ಸುಳ್ಳು, ಈ ಪುಸ್ತಕ ಓದು” ಅಂತ ಒಂದು ಪುಸ್ತಕ ಕೈಗಿಡುತ್ತಾರೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಭೂಮಿ ಬಿಸಿಯಾಗುತ್ತಿದೆ, ಅದಕ್ಕೆ ಮುಖ್ಯ ಕಾರಣ ಮನುಷ್ಯರು ಸುಡುವ ಕಲ್ಲಿದ್ದಲು, ಎಣ್ಣೆ, ಅನಿಲ. ಇದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಇದನ್ನು ಒಪ್ಪದ ವಿಜ್ಞಾನಿಗಳ ಪುಸ್ತಕ ಓದಬೇಡಿ ಅಂತ ನಾನು ಯಾರಿಗೂ ಹೇಳೋದಿಲ್ಲ. ಸರಿಯಾಗಿ ಓದಿದರೆ ಅವು ತುಂಬಾ ಕಲಿಸುತ್ತವೆ. ಸುಮ್ನೆ ಓದಿದರೆ ದಾರಿ ತಪ್ಪಿಸುತ್ತವೆ.

ಏನೇನು ಬೇಕು

ಪುಸ್ತಕ, ಗೆರೆ ಹಾಕಿದ ಒಂದು ನೋಟ್‌ಬುಕ್, ಪೆನ್ಸಿಲ್, ಅಡಿಪಟ್ಟಿ, ಒಂದಿಷ್ಟು ಕಾಗದದ ಚೀಟಿ. ಇಂಟರ್ನೆಟ್ ಇರುವ ಫೋನ್. ಮನೆಯಲ್ಲಿ ಯಾರಾದರೂ ಮಳೆ ಲೆಕ್ಕ ಬರೆದಿಟ್ಟಿದ್ದರೆ ಆ ಪುಸ್ತಕ ಅಥವಾ ಹಳೇ ಕ್ಯಾಲೆಂಡರ್. ಇದು ಯಾಕೆ ಅಂತ ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ. ಎರಡು ವಾರ ಬಿಡುವು ಮಾಡಿಕೊಳ್ಳಿ. ಒಂದೇ ರಾತ್ರಿಗೆ ಓದಿ ಮುಗಿಸುವ ಪುಸ್ತಕಗಳಲ್ಲ ಇವು.

1. ಬರೆದವರು ಯಾರು, ಯಾವಾಗ ಬರೆದರು

ಹಿಂದಿನ ರಟ್ಟು ನೋಡಿ. ‘ವಿಜ್ಞಾನಿ’ ಅಂದರೆ ಸಾಕಾಗೋದಿಲ್ಲ, ಯಾವ ವಿಷಯದ ವಿಜ್ಞಾನಿ ಅಂತ ಬರೆದುಕೊಳ್ಳಿ. ಭೂವಿಜ್ಞಾನಿಗಳಿಗೆ ಲಕ್ಷ, ಕೋಟಿ ವರ್ಷಗಳ ಲೆಕ್ಕ ರೂಢಿ. ಅವರ ಕಣ್ಣಿಗೆ ನೂರು ವರ್ಷ ಏನೂ ಅಲ್ಲ. ಆದರೆ ತೋಟ ಮಾಡುವವರಿಗೆ ನೂರು ವರ್ಷ ಅಂದರೆ ಮೂರು ತಲೆಮಾರು.

ಹವಾಮಾನದ ವಿಷಯದಲ್ಲೇ ದೊಡ್ಡ ಕೆಲಸ ಮಾಡಿದವರೂ ಒಪ್ಪದವರ ಗುಂಪಿನಲ್ಲಿದ್ದಾರೆ. ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ರಾಯ್ ಸ್ಪೆನ್ಸರ್ ಮತ್ತು ಜಾನ್ ಕ್ರಿಸ್ಟಿ ಉಪಗ್ರಹದಿಂದ ವಾತಾವರಣದ ಬಿಸಿ ಅಳೆಯುವ ವಿಧಾನ ರೂಪಿಸಿದವರು. ಸ್ಪೆನ್ಸರ್ ಸಾಮಾನ್ಯ ಓದುಗರಿಗಾಗಿಯೂ ಪುಸ್ತಕ ಬರೆದಿದ್ದಾರೆ. ಅಂಥವರ ಮಾತನ್ನು “ಇವನಿಗೇನು ಗೊತ್ತು” ಅಂತ ತಳ್ಳಿಹಾಕಲು ಬರುವುದಿಲ್ಲ.

ಎಚ್ಚರಿಕೆ: “ಅವರು ಎಣ್ಣೆ ಕಂಪನಿಯ ದುಡ್ಡು ತಿಂದಿದ್ದಾರೆ” ಅನ್ನೋದು ಉತ್ತರವಲ್ಲ. ದುಡ್ಡು ಎಲ್ಲಿಂದ ಬಂತು ಅಂತ ತಿಳಿದುಕೊಳ್ಳಿ, ಆದರೆ ವಾದವನ್ನು ವಾದದಿಂದಲೇ ಎದುರಿಸಿ.

ಇಸವಿ ನೋಡುವುದನ್ನು ಜನ ಮರೆಯುತ್ತಾರೆ. ಊರಿನ ಲೈಬ್ರರಿಗಳಲ್ಲಿ ಸಿಗುವುದು ಹೆಚ್ಚಾಗಿ ಹಳೇ ಪುಸ್ತಕ. 2024ರವರೆಗಿನ ಲೆಕ್ಕದಲ್ಲಿ, ಅಳತೆ ಶುರುವಾದಾಗಿನಿಂದ ಅತಿ ಬಿಸಿಯಾದ ಹತ್ತು ವರ್ಷಗಳು ಅಂದರೆ 2015ರಿಂದ 2024ರವರೆಗಿನ ಹತ್ತೂ ವರ್ಷ. 2008ರಲ್ಲಿ ಅಚ್ಚಾದ ಪುಸ್ತಕದಲ್ಲಿ ಅವು ಇರುವುದಕ್ಕೆ ಸಾಧ್ಯವೇ ಇಲ್ಲ.

2. ಯಾವ ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಿದ್ದಾರೆ?

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ. ‘ಒಪ್ಪೋದಿಲ್ಲ’ ಅನ್ನೋದರಲ್ಲಿ ಐದು ಮೆಟ್ಟಿಲಿವೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ:

ಅ. ಭೂಮಿ ಬಿಸಿಯಾಗುತ್ತಲೇ ಇಲ್ಲ.
ಆ. ಬಿಸಿಯಾಗುತ್ತಿದೆ, ಆದರೆ ಅದು ತಾನಾಗಿಯೇ ಆಗುವ ಬದಲಾವಣೆ.
ಇ. ಮನುಷ್ಯರ ಪಾಲಿದೆ, ಆದರೆ ಸಣ್ಣದು. ಮುಂದೆಯೂ ಸ್ವಲ್ಪವೇ ಬಿಸಿಯಾಗುತ್ತದೆ.
ಈ. ಬಿಸಿಯಾದರೂ ಅಂಥ ತೊಂದರೆಯಿಲ್ಲ, ಕೆಲವರಿಗೆ ಒಳ್ಳೇದೇ.
ಉ. ತೊಂದರೆ ಇದೆ, ಆದರೆ ಅದಕ್ಕೆ ಹೇಳುತ್ತಿರುವ ಮದ್ದು ರೋಗಕ್ಕಿಂತ ದುಬಾರಿ.

ಓದುತ್ತಾ ಹೋದಂತೆ ಪ್ರತಿ ಅಧ್ಯಾಯಕ್ಕೆ ಒಂದು ಚೀಟಿ ಇಟ್ಟು, ಅದು ಯಾವ ಮೆಟ್ಟಿಲು ಅಂತ ಬರೆಯಿರಿ. ಲೈಬ್ರರಿ ಪುಸ್ತಕದ ಮೇಲೆ ಗೀಚಬೇಡಿ. ಅರ್ಧ ಪುಸ್ತಕ ಮುಗಿಯುವಷ್ಟರಲ್ಲಿ ಒಂದು ವಿಷಯ ಕಣ್ಣಿಗೆ ಬೀಳಬಹುದು. ಎರಡನೇ ಅಧ್ಯಾಯದಲ್ಲಿ ‘ಥರ್ಮಾಮೀಟರುಗಳನ್ನೇ ನಂಬೋಕಾಗಲ್ಲ’ ಅಂದವರು, ಏಳನೇ ಅಧ್ಯಾಯದಲ್ಲಿ ‘ಬಿಸಿಯಾದದ್ದು ಬೆಳೆಗೆ ಒಳ್ಳೇದಾಯಿತು’ ಅಂದಿರುತ್ತಾರೆ. ಅಳತೆಯನ್ನೇ ನಂಬದಿದ್ದರೆ ಬಿಸಿಯಾದದ್ದು ಅವರಿಗೆ ಹೇಗೆ ಗೊತ್ತಾಯಿತು? ಇಂಥ ಜಾಗ ಸಿಕ್ಕರೆ ಆ ಚೀಟಿಗೆ ಕೆಂಪು ಗೆರೆ ಎಳೆಯಿರಿ.

ಹವಾಮಾನದ ಕೆಲಸವನ್ನೇ ಮಾಡಿದ ಸಂದೇಹವಾದಿಗಳು ಹೆಚ್ಚಾಗಿ ‘ಇ’ ಮತ್ತು ‘ಈ’ ಮೆಟ್ಟಿಲಲ್ಲಿ ಇರುತ್ತಾರೆ. ಅವರನ್ನು ‘ಅ’ ಮೆಟ್ಟಿಲಿಗೆ ಇಳಿಸಿ ಜಗಳ ಆಡುವುದು ಎರಡೂ ಕಡೆಯವರು ಮಾಡುವ ತಪ್ಪು. ‘ಉ’ ಮೆಟ್ಟಿಲು ವಿಜ್ಞಾನವೇ ಅಲ್ಲ, ಅದು ದುಡ್ಡು, ನ್ಯಾಯ, ರಾಜಕೀಯದ ಪ್ರಶ್ನೆ. ಕೈಗಾ ಅಣುಸ್ಥಾವರ ಮನೆ ಹತ್ತಿರವೇ ಇರುವ ನಮಗೆ ಅದರಲ್ಲಿ ಮಾತಾಡುವ ಹಕ್ಕು ಯಾರಷ್ಟಿದೆಯೋ ಅಷ್ಟೇ ಇದೆ. ಅದಕ್ಕೆ ವಿಜ್ಞಾನಿಯೇ ಆಗಬೇಕೆಂದಿಲ್ಲ.

3. ಆರು ಪದ ಸರಿಯಾಗಿ ಗೊತ್ತಿರಲಿ

*ಹವಾಮಾನ ಮತ್ತು ವಾಯುಗುಣ.* ಶಾಲೆಯ ಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ. ಇವತ್ತು ಮಳೆಯೋ ಬಿಸಿಲೋ ಅನ್ನೋದು ಹವಾಮಾನ. ಮೂವತ್ತು ವರ್ಷದ ಸರಾಸರಿ ನಡತೆ ವಾಯುಗುಣ. ಪೇಪರಿನವರು ಎರಡಕ್ಕೂ ‘ಹವಾಮಾನ’ ಅಂತಲೇ ಬರೆಯುತ್ತಾರೆ, ನಾನೂ ಈಗಷ್ಟೇ ಬರೆದೆ. ಹಾಗಾಗಿ “ಈ ಸಲ ಶಿರಸಿಯಲ್ಲಿ ಚಳಿ ಜಾಸ್ತಿ, ಹಾಗಾದರೆ ಬಿಸಿಯಾಗ್ತಿರೋದು ಎಲ್ಲಿ?” ಅನ್ನುವ ಗೊಂದಲ ಕನ್ನಡದಲ್ಲಿ ಇನ್ನೂ ಸುಲಭವಾಗಿ ಹುಟ್ಟುತ್ತದೆ.

*ಹಸಿರುಮನೆ ಅನಿಲ.* ನೆಲದಿಂದ ಮೇಲೇಳುವ ಶಾಖವನ್ನು ಹೀರಿಕೊಂಡು ಅದರಲ್ಲಿ ಒಂದಿಷ್ಟನ್ನು ವಾಪಸ್ ಕಳಿಸುವ ಅನಿಲ. ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್ ಮುಖ್ಯವಾದವು. ಇವು ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸುಮಾರು 15 ಡಿಗ್ರಿ ಇರುವ ಬದಲು ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತು.

*ಪಿಪಿಎಂ.* ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಅನ್ನುವ ಲೆಕ್ಕ. ಕೈಗಾರಿಕೆಗಳು ಶುರುವಾಗುವ ಮೊದಲು ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಪಿಪಿಎಂ ಇತ್ತು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಶುರು ಮಾಡಿದಾಗ ಸುಮಾರು 315. ಈಗ 420 ದಾಟಿದೆ. ‘ಗಾಳಿಯಲ್ಲಿ ಇದು ಬರೀ 0.04 ಶೇಕಡಾ, ಇಷ್ಟರಿಂದ ಏನಾಗುತ್ತೆ?’ ಅನ್ನುವ ಸಾಲು ನಿಮ್ಮ ಪುಸ್ತಕದಲ್ಲಿ ಇರಬಹುದು. ಗಾಳಿಯ ಮುಕ್ಕಾಲು ಪಾಲಿಗಿಂತ ಜಾಸ್ತಿ ನೈಟ್ರೋಜನ್, ಉಳಿದದ್ದರಲ್ಲಿ ಹೆಚ್ಚಿನದು ಆಕ್ಸಿಜನ್. ಇವೆರಡೂ ಈ ಶಾಖವನ್ನು ಹೀರುವುದಿಲ್ಲ. ಇದನ್ನು ಜಾನ್ ಟಿಂಡಲ್ 1859ರಲ್ಲಿ ಶುರು ಮಾಡಿದ ಪ್ರಯೋಗಗಳಲ್ಲೇ ತೋರಿಸಿದರು. ಕೆಲಸ ಮಾಡುವುದೆಲ್ಲ ನೀರಾವಿ, ಇಂಗಾಲದ ಡೈಆಕ್ಸೈಡ್‌ನಂಥ ಚೂರು ಪಾಲಿನ ಅನಿಲಗಳೇ.

*ವ್ಯತ್ಯಾಸ.* ಗ್ರಾಫಿನಲ್ಲಿ ‘0.8’ ಅಂತಿದ್ದರೆ ಅದು ಉಷ್ಣತೆಯಲ್ಲ. ಯಾವುದೋ ಹಳೇ ಸರಾಸರಿಗಿಂತ ಎಷ್ಟು ಹೆಚ್ಚು ಅನ್ನುವ ಅಂಕೆ. ಯಾವ ವರ್ಷಗಳ ಸರಾಸರಿ ಅಂತ ಗ್ರಾಫಿನ ಕೆಳಗೆ ಹುಡುಕಿ.

*ಮರುಪರಿಣಾಮ.* ಒಂದು ಬದಲಾವಣೆಯಿಂದ ಆದ ಇನ್ನೊಂದು ಬದಲಾವಣೆ ತಿರುಗಿ ಮೊದಲಿನದನ್ನು ಹೆಚ್ಚಿಸುವುದು ಅಥವಾ ತಗ್ಗಿಸುವುದು. ಒಂದು ಡಿಗ್ರಿ ಬಿಸಿಯಾದರೆ ಗಾಳಿ ಸುಮಾರು 7 ಶೇಕಡಾ ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. ನೀರಾವಿಯೂ ಹಸಿರುಮನೆ ಅನಿಲವೇ ಆದ್ದರಿಂದ ಮತ್ತೆ ಬಿಸಿ.

*ಸೂಕ್ಷ್ಮತೆ.* ಇಂಗಾಲದ ಡೈಆಕ್ಸೈಡ್ ದುಪ್ಪಟ್ಟಾದರೆ ಕೊನೆಗೆ ಎಷ್ಟು ಡಿಗ್ರಿ ಏರುತ್ತದೆ ಅನ್ನುವ ಅಂಕೆ. ವಿಶ್ವಸಂಸ್ಥೆಯ ಅಂತರಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, 2021ರಲ್ಲಿ ಇದು 2.5ರಿಂದ 4 ಡಿಗ್ರಿ ಇರಬಹುದು ಅಂದಿತು. ಒಳ್ಳೇ ಸಂದೇಹವಾದಿ ಪುಸ್ತಕದ ಜೀವ ಇರುವುದು ಈ ಅಂಕೆಯಲ್ಲಿ. ಅವರು ಇದು ಒಂದೋ ಒಂದೂವರೆಯೋ ಡಿಗ್ರಿ ಅಂತಾರೆ.

4. ಗ್ರಾಫ್ ಬಂದ ಕೂಡಲೇ ನಿಲ್ಲಿ

ಮೋಸ ಹೋಗುವುದು ಇಲ್ಲೇ. ಅದಕ್ಕೇ ಈ ಹಂತ ಉದ್ದ.

ಮೊದಲು ಮನೆಯ ಮಳೆ ಪುಸ್ತಕ ತೆಗೆಯಿರಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟದವರು ಮಳೆಮಾಪಕ ಇಟ್ಟು ದಿನಾ ಬೆಳಿಗ್ಗೆ ಮಿಲಿಮೀಟರ್ ಬರೆದಿಡುತ್ತಾರಲ್ಲ, ಅದೇ. ನಿಮ್ಮಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಕೇಳಿ. 2019ರಿಂದ 2024ರವರೆಗಿನ ಒಟ್ಟು ಮಳೆಯನ್ನು ಆರು ಚುಕ್ಕಿಯಾಗಿ ಹಾಕಿ. 2019 ನೆರೆಯ ವರ್ಷ. 2023 ರಾಜ್ಯಕ್ಕೇ ಬರದ ವರ್ಷ. 2024ರಲ್ಲಿ ಮತ್ತೆ ಒಳ್ಳೇ ಮಳೆ.

ಈಗ ಅಡಿಪಟ್ಟಿ ಇಟ್ಟು 2019ರ ಚುಕ್ಕಿಯಿಂದ 2023ರ ಚುಕ್ಕಿಗೆ ಗೆರೆ ಎಳೆಯಿರಿ. ಗೆರೆ ಕೆಳಗೆ ಇಳಿಯುತ್ತದೆ. ‘ಮಲೆನಾಡಿನಲ್ಲಿ ಮಳೆ ಮಾಯವಾಗುತ್ತಿದೆ’ ಅಂತ ಲೇಖನ ಬರೆಯಬಹುದು. ಆಮೇಲೆ 2023ರಿಂದ 2024ಕ್ಕೆ ಎಳೆಯಿರಿ. ಗೆರೆ ನೆಟ್ಟಗೆ ಮೇಲೇರುತ್ತದೆ. ‘ಮಳೆ ಭಾರೀ ಹೆಚ್ಚುತ್ತಿದೆ’ ಅಂತಲೂ ಬರೆಯಬಹುದು. ಒಂದೇ ಮಳೆಮಾಪಕ, ಒಂದೇ ಅಂಗಳ, ಒಂದೂ ಅಂಕೆ ಸುಳ್ಳಲ್ಲ. ಎಲ್ಲಿಂದ ಶುರು, ಎಲ್ಲಿಗೆ ಮುಕ್ತಾಯ ಅನ್ನುವುದೊಂದೇ ಬೇರೆ.

ಇಷ್ಟು ಕೈಯಾರೆ ಮಾಡಿದ ಮೇಲೆ ‘1998ರ ನಂತರ ಬಿಸಿ ಏರಿಲ್ಲ’ ಅನ್ನುವ ಗ್ರಾಫ್ ನೋಡಿ. 2000ದಿಂದ 2015ರ ನಡುವಿನ ಪುಸ್ತಕಗಳಲ್ಲಿ ಇದು ಬಹಳ ಬರುತ್ತದೆ. 1997–98ರಲ್ಲಿ ಭಾರೀ ಎಲ್ ನಿನೋ ಆಗಿತ್ತು. ಅಂದರೆ ಪೆಸಿಫಿಕ್ ಸಾಗರದ ಮೇಲಿನ ನೀರು ರೂಢಿಗಿಂತ ಬಿಸಿಯಾಗಿ, ಆ ವರ್ಷ ಇಡೀ ಭೂಮಿಯ ಉಷ್ಣತೆ ಜಿಗಿದಿತ್ತು. ಅತಿ ಎತ್ತರದ ಚುಕ್ಕಿಯಿಂದ ಹೊರಟರೆ ಮುಂದಿನದೆಲ್ಲ ಚಪ್ಪಟೆ ಕಾಣುತ್ತದೆ. ಅದೇ ಗ್ರಾಫನ್ನು 1970ರಿಂದ ನೋಡಿ, ಅಥವಾ 2024ರವರೆಗೆ ಎಳೆಯಿರಿ. ಚಪ್ಪಟೆ ಅನ್ನೋದು ಉಳಿಯುವುದಿಲ್ಲ.

ಪ್ರತಿ ಗ್ರಾಫಿಗೂ ನಾಲ್ಕು ಪ್ರಶ್ನೆ ಕೇಳಿ. ಎಲ್ಲಿಂದ ಎಲ್ಲಿಯವರೆಗಿನ ವರ್ಷ? ಎಲ್ಲಿನ ಅಳತೆ, ಇಡೀ ಭೂಮಿಯದೋ ಅಥವಾ ಅಮೆರಿಕದ್ದೋ ಗ್ರೀನ್‌ಲ್ಯಾಂಡಿನದೋ? ಪಕ್ಕದ ಅಂಕೆಗಳ ಸಾಲು ಎಲ್ಲಿಂದ ಶುರು? ಅಳೆದದ್ದು ಏನನ್ನು?

ಕೊನೆಯ ಪ್ರಶ್ನೆಗೆ ಉಪಗ್ರಹದ ಕಥೆಯೇ ಉದಾಹರಣೆ. ಉಪಗ್ರಹ ಅಳೆಯುವುದು ನಮ್ಮ ಅಂಗಳದ ಬಿಸಿಯನ್ನಲ್ಲ, ಮೇಲಿನ ಹಲವು ಕಿಲೋಮೀಟರ್ ದಪ್ಪದ ಗಾಳಿಯ ಬಿಸಿಯನ್ನು. 1990ರ ದಶಕದಲ್ಲಿ ಸ್ಪೆನ್ಸರ್–ಕ್ರಿಸ್ಟಿ ಅವರ ಲೆಕ್ಕದಲ್ಲಿ ಬಿಸಿ ಏರಿಕೆ ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ. ಸಂದೇಹವಾದಿ ಪುಸ್ತಕಗಳಿಗೆ ಅದು ದೊಡ್ಡ ಆಧಾರವಾಯಿತು. ಉಪಗ್ರಹಗಳು ನಿಧಾನಕ್ಕೆ ಕೆಳಗೆ ಇಳಿಯುತ್ತಿದ್ದುದನ್ನು ಲೆಕ್ಕಕ್ಕೆ ತಗೊಂಡಿಲ್ಲ ಅಂತ 1998ರಲ್ಲಿ ಬೇರೆ ವಿಜ್ಞಾನಿಗಳು ತೋರಿಸಿದರು. ಅಳೆಯುವ ಹೊತ್ತು ವರ್ಷದಿಂದ ವರ್ಷಕ್ಕೆ ಸರಿಯುತ್ತಿದ್ದುದನ್ನು ಸರಿಪಡಿಸುವಲ್ಲೂ ತಪ್ಪಿದೆ ಅಂತ 2005ರಲ್ಲಿ ಗೊತ್ತಾಯಿತು. ಅವರಿಬ್ಬರೂ ತಮ್ಮ ಲೆಕ್ಕ ತಿದ್ದಿಕೊಂಡರು. ಈಗ ಅವರದೇ ಅಂಕೆಯಲ್ಲಿ ಹತ್ತು ವರ್ಷಕ್ಕೆ ಸುಮಾರು 0.15 ಡಿಗ್ರಿ ಏರಿಕೆ ಇದೆ. ನಿಮ್ಮ ಕೈಯಲ್ಲಿರುವ ಪುಸ್ತಕ ಈ ತಿದ್ದುಪಡಿಗಿಂತ ಹಳೆಯದಾ ಅಂತ ನೋಡಿ.

5. ಪದೇ ಪದೇ ಸಿಗುವ ವಾದಗಳು

*ಜ್ವಾಲಾಮುಖಿ.* ಮನುಷ್ಯರಿಗಿಂತ ಜ್ವಾಲಾಮುಖಿಗಳೇ ಹೆಚ್ಚು ಇಂಗಾಲ ಕಾರುತ್ತವೆ ಅನ್ನೋದು ಸರಳವಾಗಿ ತಪ್ಪು. ನಾವು ಸುಡುವ ಇಂಧನದಿಂದ ವರ್ಷಕ್ಕೆ 3,500 ಕೋಟಿ ಟನ್‌ಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೋಗುತ್ತದೆ. ಜ್ವಾಲಾಮುಖಿಗಳದು ಅದರ ನೂರನೇ ಒಂದು ಪಾಲಿನ ಆಸುಪಾಸು, ಅಥವಾ ಇನ್ನೂ ಕಡಿಮೆ. ಈ ವಾದ ಇರುವ ಪುಸ್ತಕದ ಉಳಿದ ಅಂಕೆಗಳನ್ನೂ ಎರಡೆರಡು ಸಲ ನೋಡಿ.

*ಸೂರ್ಯ.* ಇದು ಗೌರವದ ವಾದ, ಹಿಂದಿನ ಕಾಲಕ್ಕೆ ಸ್ವಲ್ಪ ಹೊಂದುತ್ತದೆ ಕೂಡ. ಆದರೆ 1970ರ ದಶಕದ ಕೊನೆಯಿಂದ ಉಪಗ್ರಹಗಳು ಸೂರ್ಯನ ಶಾಖವನ್ನು ಅಳೆಯುತ್ತಿವೆ. ಅದು ಏರಿಲ್ಲ, ಬಿಸಿ ಏರಿದೆ. ಇನ್ನೊಂದು ಗುರುತೂ ಇದೆ. ಸೂರ್ಯನೇ ಕಾರಣವಾದರೆ ವಾತಾವರಣ ಮೇಲಿನಿಂದ ಕೆಳಗಿನವರೆಗೂ ಬಿಸಿಯಾಗಬೇಕು. ಈಗ ಕೆಳಗಿನ ಪದರ ಬಿಸಿಯಾಗುತ್ತಿದೆ, ಮೇಲಿನದು ತಣ್ಣಗಾಗುತ್ತಿದೆ. ಮೇಲೆ ತಣ್ಣಗಾಗಲು ಓಝೋನ್ ಕಡಿಮೆಯಾದದ್ದೂ ಒಂದು ಕಾರಣ. ಆದರೆ ಸೂರ್ಯನ ಬಿಸಿ ಹೆಚ್ಚಿದ್ದರೆ ಹೀಗಾಗುವುದಿಲ್ಲ.

*ಹಿಮಯುಗದಲ್ಲಿ ಮೊದಲು ಬಿಸಿ, ಆಮೇಲೆ ಇಂಗಾಲ.* ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿಬಿದ್ದ ಹಳೇ ಗಾಳಿ ಇದನ್ನು ತೋರಿಸುತ್ತದೆ ನಿಜ. ಆಗ ಶುರುವಾಗಲು ಕಾರಣ ಭೂಮಿ ಸುತ್ತುವ ದಾರಿಯಲ್ಲಿ, ಅದರ ವಾಲಿಕೆಯಲ್ಲಿ ಆದ ಬದಲಾವಣೆ. ಸಮುದ್ರ ಬಿಸಿಯಾಗಿ ಇಂಗಾಲ ಬಿಟ್ಟಿತು, ಅದು ಬಿಸಿಯನ್ನು ಇನ್ನೂ ಹೆಚ್ಚಿಸಿತು. ಈಗ ಇಂಗಾಲ ಬಿಡುತ್ತಿರುವವರು ನಾವು. ಹಿಂದೆ ಹಿಂಬಾಲಿಸಿತ್ತು ಅಂದ ಮಾತ್ರಕ್ಕೆ ಈಗ ಮುಂದೆ ನಡೆಯಬಾರದು ಅಂತೇನಿಲ್ಲ.

*ಇಂಗಾಲ ಗಿಡಕ್ಕೆ ಆಹಾರ.* ಅರ್ಧ ನಿಜ. ಭತ್ತದಂಥ ಬೆಳೆ ಹೆಚ್ಚು ಇಂಗಾಲದ ಡೈಆಕ್ಸೈಡ್‌ನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಆದರೆ ಅಡಿಕೆ ಬೆಳೆಗಾರ ಇಂಗಾಲ ಸಾಲದೆ ನಷ್ಟ ಮಾಡಿಕೊಂಡಿದ್ದನ್ನು ಎಲ್ಲಾದರೂ ಕೇಳಿದ್ದೀರಾ? ನಮಗೆ ನಷ್ಟವಾಗುವುದು ಮಳೆ ಬಿಡುವು ಕೊಡದೆ ಹೊಡೆದು, ಬೋರ್ಡೋ ದ್ರಾವಣ ಸಿಂಪಡಿಸಲು ಎರಡು ದಿನ ಒಣಹವೆ ಸಿಗದೆ, ಗೊನೆಗೆ ಕೊಳೆ ಬಂದಾಗ. ಅಘನಾಶಿನಿಯ ಗಜನಿಯಲ್ಲಿ, ಅಂದರೆ ನದೀಮುಖದ ತಗ್ಗು ಗದ್ದೆಗಳಲ್ಲಿ, ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವವರಿಗೆ ಸಮುದ್ರದ ಮಟ್ಟ ಮುಖ್ಯ. ಅದು 1901ರಿಂದ 2018ರ ನಡುವೆ ಜಗತ್ತಿನ ಸರಾಸರಿಯಲ್ಲಿ ಸುಮಾರು 20 ಸೆಂಟಿಮೀಟರ್ ಏರಿದೆ.

*ಊರು ಬೆಳೆದದ್ದಕ್ಕೆ ಥರ್ಮಾಮೀಟರ್ ಬಿಸಿ.* ಕಾಂಕ್ರೀಟಿನ ನಗರ ಸುತ್ತಲಿನ ಹಳ್ಳಿಗಿಂತ ಬಿಸಿಯಿರುವುದು ನಿಜ. ಇದೇ ಅನುಮಾನದಿಂದ ಒಬ್ಬ ಸಂದೇಹವಾದಿ ಕೆಲಸಕ್ಕೇ ಇಳಿದರು. ಬರ್ಕ್ಲಿಯ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಒಂದು ತಂಡ ಕಟ್ಟಿ, ಮೂವತ್ತು ಸಾವಿರಕ್ಕೂ ಹೆಚ್ಚು ಕೇಂದ್ರಗಳ ಅಂಕೆಗಳನ್ನು ಹೊಸದಾಗಿ ಲೆಕ್ಕ ಹಾಕಿದರು. ದುಡ್ಡಿನ ಒಂದು ಪಾಲು ಎಣ್ಣೆ ವ್ಯವಹಾರದ ಶ್ರೀಮಂತರ ಪ್ರತಿಷ್ಠಾನದಿಂದಲೇ ಬಂದಿತ್ತು. ಬಿಸಿ ಏರಿದ್ದು ನಿಜ, ಹೆಚ್ಚುಕಡಿಮೆ ಪೂರ್ತಿ ಕಾರಣ ಮನುಷ್ಯರೇ ಅಂತ 2012ರಲ್ಲಿ ಅವರೇ ಬರೆದರು. ಸಂದೇಹ ಅಂದರೆ ಹೀಗಿರಬೇಕು ಅಂತ ನನಗೆ ಅನಿಸುತ್ತದೆ.

6. ಅವರು ಸರಿಯಿರುವ ಕಡೆ ಟಿಕ್ ಹಾಕಿ

ಇದನ್ನು ಬಿಟ್ಟರೆ ನಿಮ್ಮ ಓದು ಅರ್ಧವೇ. ಐಪಿಸಿಸಿಯ 2007ರ ವರದಿಯಲ್ಲಿ ಹಿಮಾಲಯದ ಹಿಮನದಿಗಳು 2035ರೊಳಗೆ ಕರಗಿಹೋಗಬಹುದು ಅಂತ ಬರೆದಿತ್ತು. ಅದಕ್ಕೆ ಗಟ್ಟಿ ಆಧಾರ ಇರಲಿಲ್ಲ. 2010ರಲ್ಲಿ ಸಮಿತಿ ತಪ್ಪು ಒಪ್ಪಿಕೊಂಡಿತು. ನಿಮ್ಮ ಪುಸ್ತಕದಲ್ಲಿ ಇದು ಇದ್ದರೆ ಟಿಕ್ ಹಾಕಿ. ಸಾವಿರಾರು ಪುಟದಲ್ಲಿ ಒಂದು ತಪ್ಪಿನಿಂದ ಇಡೀ ವರದಿ ಸುಳ್ಳಾಗುವುದಿಲ್ಲ ಅಂತಲೂ ಪಕ್ಕದಲ್ಲಿ ಬರೆಯಿರಿ.

ಮೋಡಗಳ ವಿಷಯದಲ್ಲೂ ಅವರ ಮಾತಿಗೆ ಬೆಲೆ ಇದೆ. ಬಿಸಿ ಏರಿದಾಗ ಮೋಡ ಹೆಚ್ಚುತ್ತದೋ ಕಡಿಮೆಯಾಗುತ್ತದೋ ಅನ್ನುವುದೇ ಸೂಕ್ಷ್ಮತೆಯ ಲೆಕ್ಕದ ಕಷ್ಟದ ಭಾಗ.

ಕಂಪ್ಯೂಟರ್ ಮಾದರಿಗಳ ಟೀಕೆ ನಮಗೆ ಇನ್ನೂ ಹತ್ತಿರದ್ದು. ಇಡೀ ಭೂಮಿಯ ಮಾದರಿಗಳು ನೆಲವನ್ನು ಚೌಕ ಚೌಕವಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. ಹೆಚ್ಚಿನವುಗಳಲ್ಲಿ ಒಂದು ಚೌಕದ ಅಗಲ ಸುಮಾರು 100 ಕಿಲೋಮೀಟರ್. ಕುಮಟೆಯಿಂದ ಶಿರಸಿಗೆ ರಸ್ತೆಯಲ್ಲಿ 60 ಕಿಲೋಮೀಟರ್. ಅಂದರೆ ಕಡಲು, ದೇವಿಮನೆ ಘಟ್ಟ, ಮಲೆನಾಡು ಎಲ್ಲ ಒಂದೇ ಚೌಕದಲ್ಲಿ! ಘಟ್ಟ ಇಳಿದು ನೋಡಿದವರಿಗೆ ಗೊತ್ತು, ಆ ದಾರಿಯಲ್ಲಿ ಮಳೆ ಎಷ್ಟು ಸಲ ಬದಲಾಗುತ್ತದೆ ಅಂತ. ಹಾಗಾಗಿ ‘2050ರ ಜುಲೈನಲ್ಲಿ ನಿಮ್ಮೂರಲ್ಲಿ ಇಷ್ಟೇ ಮಳೆ’ ಅಂತ ಯಾರಾದರೂ ಹೇಳಿದರೆ ಅನುಮಾನಪಡಿ. ಇಡೀ ಭೂಮಿಯ ಸರಾಸರಿ ಬಿಸಿ ಏರುತ್ತದೆ ಅನ್ನುವುದು ಬೇರೆ ಮಾತು, ಅದಕ್ಕೆ ಆಧಾರ ಗಟ್ಟಿಯಿದೆ.

ಊರಿನ ಎಲ್ಲ ಕಷ್ಟವನ್ನೂ ಬಿಸಿಯ ತಲೆಗೆ ಕಟ್ಟಬೇಡಿ. ಶಿರೂರಿನಲ್ಲಿ ಹೆದ್ದಾರಿಗಾಗಿ ಗುಡ್ಡ ಕಡಿದ ಪ್ರಶ್ನೆ ಇದೆ. ತಾರ್ಲೆ ಮೀನು ಸಿಗದಿದ್ದಾಗ ಅತಿಯಾಗಿ ಹಿಡಿದದ್ದರ ಪ್ರಶ್ನೆ ಇದೆ. ಎಲ್ಲದಕ್ಕೂ ಬಿಸಿಯೇ ಕಾರಣ ಅಂದರೆ ನಿಜವಾದ ತಪ್ಪು ಮಾಡಿದವರು ಬಚಾವಾಗುತ್ತಾರೆ.

7. ಒಂದು ಪುಟ, ಒಂದು ಪ್ರಶ್ನೆ

ಇಷ್ಟಾದ ಮೇಲೂ ಉಳಿದ ಅನುಮಾನಗಳನ್ನು ತಿಳಿದವರ ಹತ್ತಿರ ಒಯ್ಯಿರಿ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗ ಇದೆ. ಶಿರಸಿಯಲ್ಲಿ ಅರಣ್ಯ ಕಾಲೇಜಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾಯುಗುಣ ಬದಲಾವಣೆಯ ಅಧ್ಯಯನಕ್ಕೇ ಒಂದು ಕೇಂದ್ರವಿದೆ. ನಿಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರೂ ಆಗಬಹುದು. “ಈ ಪುಸ್ತಕ ಸರಿಯಾ?” ಅಂತ ಕೇಳಬೇಡಿ, ಯಾರೂ ನಿಂತ ನಿಲುವಲ್ಲಿ ಉತ್ತರಿಸಲಾರರು. “142ನೇ ಪುಟದ ಈ ಗ್ರಾಫಿನಲ್ಲಿ 1998ರಿಂದ ಯಾಕೆ ಶುರು ಮಾಡಿದ್ದಾರೆ?” ಅಂತ ಕೇಳಿ. ಪುಟದ ಫೋಟೋ ತೆಗೆದುಕೊಂಡು ಹೋಗಿ.

ಇಂಟರ್ನೆಟ್ಟಿನಲ್ಲಿ ಹುಡುಕುವಾಗ ವಿಡಿಯೋಗಳಿಂದ ಶುರು ಮಾಡಬೇಡಿ. ಐಪಿಸಿಸಿ ವರದಿಯಲ್ಲಿ ಸಾಮಾನ್ಯರಿಗಾಗಿ ಬರೆದ ಪ್ರಶ್ನೋತ್ತರದ ಭಾಗ ಇರುತ್ತದೆ, ಅದು ಇಂಗ್ಲಿಷಿನಲ್ಲಿದ್ದರೂ ಸರಳ. ಪುಸ್ತಕದ ಲೇಖಕರು ಆಮೇಲೆ ತಮ್ಮ ಮಾತು ಬದಲಿಸಿದ್ದಾರಾ ಅಂತಲೂ ನೋಡಿ.

ಪುಸ್ತಕ ನಿಮ್ಮದೇ ಆಗಿದ್ದರೆ ಓದಿ ಮುಗಿದ ಮೇಲೆ ಚೀಟಿಗಳನ್ನು ಕಿತ್ತು ಎಸೆಯಬೇಡಿ. ಮುಂದೆ ಯಾರಾದರೂ ಅದನ್ನು ಕೇಳಿಕೊಂಡು ಬಂದರೆ ಚೀಟಿಗಳ ಸಮೇತ ಕೊಡಿ, ಮಳೆಯ ಆರು ಚುಕ್ಕಿ ಹಾಕಿದ ನೋಟ್‌ಬುಕ್ಕನ್ನೂ ಜೊತೆಗೆ ಕೊಡಿ.